ಅಣುಗಳ ನೆರೆಹೊರೆಯಲ್ಲಿ ಹುಟ್ಟುವ ಬೆಳಕು

(ಸುತ್ತೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ಪಾಠ)

 

ಕಪಿಲೆಯ ದಡದ ಈ ಊರಿನಲ್ಲಿ ಬೆಳಕಿನ ಬಗ್ಗೆ ಮಾತನಾಡುವ ಅವಕಾಶ ನನಗೆ ಸಿಕ್ಕಿದೆ. ಜಾತ್ರೆಯ ಲಕ್ಷದೀಪೋತ್ಸವವನ್ನು ಕಣ್ತುಂಬಿಕೊಂಡವರು ನಿಮ್ಮಲ್ಲಿ ಬಹಳ ಮಂದಿ. ಹಣತೆಯ ಆ ಹಳದಿ ಬೆಳಕು ಎಲ್ಲಿಂದ ಬರುತ್ತದೆ? ಬತ್ತಿಯನ್ನೇರಿದ ಎಣ್ಣೆ ಆವಿಯಾಗಿ ಉರಿಯುತ್ತದೆ. ಆಗ ಪೂರ್ತಿ ಸುಡದೆ ಉಳಿದ ಇಂಗಾಲದ ಸೂಕ್ಷ್ಮ ಕಣಗಳು ಸಾವಿರ ಡಿಗ್ರಿ ಮೀರಿ ಕಾದು ಹೊಳೆಯುತ್ತವೆ. ಜ್ವಾಲೆಗೆ ತಟ್ಟೆ ಹಿಡಿದರೆ ಕಾಡಿಗೆಯಾಗಿ ಕೂರುವ ಮಸಿ ಇದೇ. ಮೈಕೆಲ್ ಫ್ಯಾರಡೆ ಲಂಡನ್ನಿನಲ್ಲಿ ಮಕ್ಕಳಿಗಾಗಿ ಮೇಣದ ಬತ್ತಿಯ ಮೇಲೆ ಕೊಟ್ಟ ಉಪನ್ಯಾಸಗಳಲ್ಲಿ ವಿವರಿಸಿದ ವಿಷಯವೂ ಇದೇ. ಹಳೆಯ ಗಾಜಿನ ಬಲ್ಬಿನದೂ ಇದೇ ರೀತಿ. ಅಲ್ಲಿ ಮಸಿಯ ಬದಲು ಟಂಗ್‌ಸ್ಟನ್ ತಂತಿ ಕಾಯುತ್ತದೆ. ಅದಕ್ಕೆ ಕೊಟ್ಟ ವಿದ್ಯುತ್ತಿನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ಬರೀ ಶಾಖವಾಗಿ ಹೋಗುತ್ತದೆ.

ಅದೇ ಇಂಗಾಲ ಕಾಯದೆಯೂ ಬೆಳಗಬಲ್ಲದು. ಜಲಜನಕ, ಸಾರಜನಕ, ಆಮ್ಲಜನಕಗಳೊಡನೆ ಇಂಗಾಲ ಸೇರಿ ಆದ ಎಷ್ಟೋ ಅಣುಗಳು ಕೈಗೆ ತಣ್ಣಗಿದ್ದೇ ಕೆಂಪು, ಹಸಿರು, ನೀಲಿ ಬೆಳಕು ಕೊಡುತ್ತವೆ. ಇಂಗಾಲದ ಅಣುಗಳಿಂದಾದ ಇಂಥ ವಸ್ತುಗಳನ್ನು ಸಾವಯವ ದೀಪ್ತಿವಸ್ತುಗಳೆನ್ನುತ್ತೇವೆ. ಅವುಗಳ ಜತೆಗೆ ಲೋಹವನ್ನೋ ಜೇಡಿಮಣ್ಣಿನ ಪದರವನ್ನೋ ಹರಳಿನ ಚೌಕಟ್ಟನ್ನೋ ಬೆಸೆದಾಗ ಆಗುವುದು ಸಂಕರ ವಸ್ತು. ಇವತ್ತು ನಿಮ್ಮ ಮುಂದೆ ಇಡಬೇಕೆಂದಿರುವ ವಿಚಾರ ಒಂದೇ: ಬೆಳಗುವ ಶಕ್ತಿ ಅಣುವಿನಲ್ಲಿದ್ದರೂ, ಅದು ನಿಜಕ್ಕೂ ಬೆಳಗುತ್ತದೋ ಇಲ್ಲವೋ ಎಂಬುದನ್ನು ಅದರ ನೆರೆಹೊರೆ ತೀರ್ಮಾನಿಸುತ್ತದೆ. ಈ ನೆರೆಹೊರೆಯನ್ನು ಕಟ್ಟುವ ವಿದ್ಯೆಗೆ ಮೈಸೂರು ಮತ್ತು ಬೆಂಗಳೂರು ಜಗತ್ತೇ ಗುರುತಿಸಿದ ಕೊಡುಗೆ ಕೊಟ್ಟಿವೆ. ಆ ಪರಂಪರೆ ನಮ್ಮ ಹಳ್ಳಿಯ ಪ್ರೌಢಶಾಲೆಗಳವರೆಗೂ ಬರಬೇಕು ಎಂಬುದು ನನ್ನ ಆಸೆ.

ಅರಿಶಿನ ಮತ್ತು ಹಸಿರೆಲೆ

ನಂಜನಗೂಡು, ಚಾಮರಾಜನಗರದ ಕಡೆ ಅರಿಶಿನ ಬೆಳೆಯುವವರಿಗೆ ಅದರ ಬಣ್ಣ ಕರ್ಕ್ಯುಮಿನ್ ಎಂಬ ಅಣುವಿನಿಂದ ಬಂದದ್ದೆಂದು ಗೊತ್ತಿರಬಹುದು. ಒಂದು ಚಿಟಿಕೆ ಅರಿಶಿನಪುಡಿಯನ್ನು ಸ್ಪಿರಿಟ್ಟಿನಲ್ಲಿ ಕಲಕಿ, ತಿಳಿಯನ್ನು ಗಾಜಿನ ಲೋಟಕ್ಕೆ ಬಸಿದುಕೊಳ್ಳಿ. ಕತ್ತಲೆ ಕೋಣೆಯಲ್ಲಿ ಅದರ ಮೇಲೆ ನೇರಳಾತೀತ ಟಾರ್ಚು ಹಾಯಿಸಿದರೆ ದ್ರಾವಣ ಹಸಿರು ಬೆರೆತ ಹಳದಿಯಾಗಿ ಬೆಳಗುತ್ತದೆ. ಈಗ ಅದಕ್ಕೆ ಧಾರಾಳವಾಗಿ ನೀರು ಸುರಿಯಿರಿ. ಬಣ್ಣ ಉಳಿಯುತ್ತದೆ, ಬೆಳಕು ಕುಂದುತ್ತದೆ. ಅಣು ಬದಲಾಗಲಿಲ್ಲ, ಅದರ ಸುತ್ತಲಿನವರು ಬದಲಾದರು. ನೀರಿನಲ್ಲಿ ಕರ್ಕ್ಯುಮಿನ್ ಸರಿಯಾಗಿ ಕರಗದೆ ಗುಂಪುಗಟ್ಟುತ್ತದೆ. ಜತೆಗೆ ನೀರಿನ ಅಣುಗಳು ಅದು ಹೀರಿದ ಶಕ್ತಿ ಶಾಖವಾಗಿ ಸೋರಿಹೋಗಲು ದಾರಿ ಮಾಡಿಕೊಡುತ್ತವೆ.

ಎರಡನೆಯದು ಸೊಪ್ಪಿನ ಪ್ರಯೋಗ. ಯಾವುದಾದರೂ ಹಸಿರು ಸೊಪ್ಪನ್ನು ಸ್ಪಿರಿಟ್ಟಿನಲ್ಲಿ ಅರೆದು ಸೋಸಿಕೊಳ್ಳಿ. ಹಗಲ ಬೆಳಕಿನಲ್ಲಿ ಅದು ಕಡುಹಸಿರು ದ್ರಾವಣ. ನೇರಳಾತೀತ ಟಾರ್ಚಿನಡಿ ಅದೇ ದ್ರಾವಣ ರಕ್ತಗೆಂಪಾಗಿ ಹೊಳೆಯುತ್ತದೆ. ಇದು ಪತ್ರಹರಿತ್ತಿನ ಬೆಳಕು. ಗಿಡದಲ್ಲಿ ಬೆಳೆದುನಿಂತ ಎಲೆಗೆ ಟಾರ್ಚು ಹಿಡಿದರೆ ಈ ಕೆಂಪು ನಮ್ಮ ಕಣ್ಣಿಗೆ ಕಾಣುವುದು ಕಷ್ಟ. ಏಕೆಂದರೆ ಜೀವಂತ ಎಲೆಯಲ್ಲಿ ಪತ್ರಹರಿತ್ತಿನ ಪಕ್ಕದಲ್ಲಿ ಪ್ರೋಟೀನುಗಳ ಅಚ್ಚುಕಟ್ಟಾದ ವ್ಯವಸ್ಥೆಯಿದೆ; ಹೀರಿದ ಶಕ್ತಿಯನ್ನು ಅದು ಕೈಯಿಂದ ಕೈಗೆ ದಾಟಿಸಿ ಸಕ್ಕರೆ ತಯಾರಿಸುವ ಕೆಲಸಕ್ಕೆ ಹಚ್ಚುತ್ತದೆ. ಕೆಂಪು ಬೆಳಕಾಗಿ ಹೊರಬೀಳುವುದು ನೂರರಲ್ಲಿ ಕೆಲವೇ ಪಾಲು. ಸ್ಪಿರಿಟ್ಟಿನಲ್ಲಿ ಆ ವ್ಯವಸ್ಥೆ ಮುರಿದುಬಿದ್ದು, ಪತ್ರಹರಿತ್ತಿಗೆ ತನ್ನ ಶಕ್ತಿಯನ್ನು ಬೆಳಕಾಗಿ ಬಿಡುವುದೇ ಸುಲಭದ ದಾರಿಯಾಗುತ್ತದೆ.

ಮಕ್ಕಳೇ, ಈ ಪ್ರಯೋಗಗಳನ್ನು ಮೇಷ್ಟ್ರು ಜತೆಗಿದ್ದಾಗಲೇ ಮಾಡಿ. ಸ್ಪಿರಿಟ್ ಬೇಗ ಹೊತ್ತಿಕೊಳ್ಳುತ್ತದೆ. ನೇರಳಾತೀತ ಟಾರ್ಚನ್ನು ಯಾರ ಕಣ್ಣಿಗೂ ಹಿಡಿಯಬಾರದು.

ಬೆಳಕು ಹುಟ್ಟುವ ಬಗೆ

ಅಣುವೊಂದು ಬೆಳಕನ್ನು ಹೀರಿದಾಗ ಅದರ ಒಂದು ಎಲೆಕ್ಟ್ರಾನ್ ಮೇಲಿನ ಶಕ್ತಿಮಟ್ಟಕ್ಕೆ ಏರುತ್ತದೆ. ಏರಿದ್ದು ಇಳಿಯಲೇಬೇಕು. ಇಳಿಯುವಾಗ ಶಕ್ತಿ ಅಣುವಿನ ಅಲುಗಾಟದಲ್ಲಿ ಶಾಖವಾಗಿ ಕರಗಬಹುದು, ಪಕ್ಕದ ಅಣುವಿಗೆ ದಾಟಬಹುದು, ಇಲ್ಲವೇ ಬೆಳಕಾಗಿ ಹೊರಬರಬಹುದು. ಸ್ವಲ್ಪ ಶಕ್ತಿ ದಾರಿಯಲ್ಲೇ ಕಳೆದಿರುವುದರಿಂದ ಬಿಟ್ಟ ಬೆಳಕು ಹೀರಿದ ಬೆಳಕಿಗಿಂತ ಕೆಂಪಿನ ಕಡೆಗೆ ಸರಿದಿರುತ್ತದೆ. ಸಿಂಕೋನಾ ತೊಗಟೆಯ ಕ್ವಿನೈನ್ ದ್ರಾವಣದಲ್ಲಿ ಇದನ್ನು ಅಭ್ಯಾಸ ಮಾಡಿ 1852ರಲ್ಲಿ ವಿವರಿಸಿದವರು ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್. ಸೆಕೆಂಡಿನ ನೂರು ಕೋಟಿಯಲ್ಲಿ ಕೆಲವು ಪಾಲಿನೊಳಗೆ ಹೊಮ್ಮಿ ಮುಗಿಯುವ ಈ ಬೆಳಕು ಪ್ರತಿದೀಪ್ತಿ. ಏರಿದ ಎಲೆಕ್ಟ್ರಾನಿನ ಗಿರಕಿ (ಸ್ಪಿನ್) ತಿರುವುಮುರುವಾದರೆ ಅದು ಸುಲಭವಾಗಿ ಕೆಳಗಿಳಿಯಲಾರದು. ತಡೆದು ತಡೆದು, ಕೆಲವೊಮ್ಮೆ ಸೆಕೆಂಡುಗಟ್ಟಲೆ ಬೆಳಕು ಬಿಡುತ್ತದೆ. ಇದು ಸ್ಫುರದೀಪ್ತಿ.

ಒಂದೊಂದೇ ಅಣು ದೂರದೂರ ಇದ್ದಾಗ ಚೆನ್ನಾಗಿ ಬೆಳಗುವ ಬಹಳಷ್ಟು ಬಣ್ಣಗಳು ಘನರೂಪದಲ್ಲಿ ಒತ್ತಾಗಿ ಕೂತಾಗ ಮಂಕಾಗುತ್ತವೆ. ಚಪ್ಪಟೆ ಅಣುಗಳು ಮೈಗೆ ಮೈ ತಾಗಿಸಿ ಕೂತಲ್ಲಿ ಶಕ್ತಿ ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತ, ಯಾವುದೋ ಒಂದು ದೋಷದ ಜಾಗದಲ್ಲಿ ಸಿಕ್ಕಿ ಶಾಖವಾಗಿ ಕಳೆದುಹೋಗುತ್ತದೆ. ದೀಪಕ್ಕಾಗಲಿ ಪರದೆಗಾಗಲಿ ನಮಗೆ ಬೇಕಾದದ್ದು ಘನಪದರವೇ ಆದ್ದರಿಂದ ಇದು ಈ ವಿಜ್ಞಾನದ ದೊಡ್ಡ ತೊಡಕಾಗಿತ್ತು. 2001ರಲ್ಲಿ ಹಾಂಗ್‌ಕಾಂಗಿನ ಬೆನ್ ಝೋಂಗ್ ಟಾಂಗ್ ಅವರ ತಂಡ ಇದಕ್ಕೆ ತದ್ವಿರುದ್ಧವಾದದ್ದನ್ನು ಕಂಡಿತು. ಕೆಲವು ಅಣುಗಳು ದ್ರಾವಣದಲ್ಲಿ ಕತ್ತಲು, ಗುಂಪುಗೂಡಿದರೆ ಬೆಳಕು. ಅವುಗಳ ತೋಳುಗಳು ದ್ರಾವಣದಲ್ಲಿ ಸದಾ ತಿರುಗುತ್ತ ಶಕ್ತಿಯನ್ನು ಕಳೆಯುತ್ತಿರುತ್ತವೆ. ಗುಂಪಿನಲ್ಲಿ ತಿರುಗಲು ಜಾಗವಿಲ್ಲದೆ ಶಕ್ತಿ ಬೆಳಕಾಗುತ್ತದೆ. ಒಟ್ಟಿಗಿರುವುದು ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ ಎಲ್ಲ ಅಣುಗಳಿಗೂ ಸಲ್ಲುವ ಒಂದೇ ಉತ್ತರವಿಲ್ಲ. ಯಾವ ಅಣು, ಯಾರ ಪಕ್ಕದಲ್ಲಿ, ಎಷ್ಟು ದೂರದಲ್ಲಿ ಎಂಬ ಲೆಕ್ಕ ಅಲ್ಲಿ ನಡೆಯುತ್ತದೆ.

ವಿದ್ಯುತ್ತು ಹಾಯ್ದಾಗ

ಟಾರ್ಚಿನ ಬದಲು ವಿದ್ಯುತ್ತಿನಿಂದಲೇ ಅಣುವನ್ನು ಬೆಳಗಿಸಬಹುದೇ? 1963ರಲ್ಲಿ ಮಾರ್ಟಿನ್ ಪೋಪ್ ಮತ್ತು ಸಂಗಡಿಗರು ಆಂಥ್ರಸೀನ್ ಹರಳಿನಿಂದ ಹಾಗೆ ಬೆಳಕು ಪಡೆದರು. ಅದಕ್ಕೆ ಸುಮಾರು 400 ವೋಲ್ಟು ಬೇಕಾಯಿತು. 1987ರಲ್ಲಿ ಕೊಡಾಕ್ ಸಂಸ್ಥೆಯ ಚಿಂಗ್ ಟಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ ಎರಡು ಬೇರೆಬೇರೆ ಸಾವಯವ ಪದರಗಳನ್ನು ಒಂದರ ಮೇಲೊಂದು ಹಾಸಿ, 10 ವೋಲ್ಟಿಗೂ ಕಡಿಮೆಯಲ್ಲಿ ಹಸಿರು ಬೆಳಕು ತಂದರು. ಎರಡೂ ಪದರ ಸೇರಿದರೂ ತಲೆಗೂದಲಿನ ದಪ್ಪದ ಐನೂರರಲ್ಲಿ ಒಂದು ಪಾಲು. ಒಂದು ಪದರ ಧನ ವಿದ್ಯುದಂಶವನ್ನು ಸಾಗಿಸಿತು, ಇನ್ನೊಂದು ಎಲೆಕ್ಟ್ರಾನುಗಳನ್ನು ಸಾಗಿಸಿತು. ಎರಡೂ ಸೇರುವ ಗಡಿಯಲ್ಲಿ ಬೆಳಕು ಹುಟ್ಟಿತು. ಬೆಳಗಿದ ಅಣು ಅಲ್ಯೂಮಿನಿಯಂ ಸುತ್ತ ಮೂರು ಸಾವಯವ ಭಾಗಗಳು ಕೂತದ್ದು. ಅಂದರೆ ಮೊದಲ ಗೆಲುವಿನಲ್ಲಿಯೇ ಲೋಹ ಮತ್ತು ಇಂಗಾಲದ ಸಂಬಂಧ ಬೆಸೆದಿತ್ತು. 1990ರಲ್ಲಿ ಕೇಂಬ್ರಿಜ್‌ನ ವಿಜ್ಞಾನಿಗಳು ಪಾಲಿಮರಿನಿಂದಲೂ, ಎಂದರೆ ಪ್ಲಾಸ್ಟಿಕ್ಕಿನ ಜಾತಿಯ ಉದ್ದ ಸರಪಳಿ ಅಣುವಿನಿಂದಲೂ, ಹೀಗೆಯೇ ಬೆಳಕು ಪಡೆದರು. ಇವೇ ಇವತ್ತಿನ ಓಎಲ್‌ಇಡಿ ಪರದೆಗಳ ಮೂಲ.

ಆಮೇಲೊಂದು ಗಟ್ಟಿ ಗೋಡೆ ಎದುರಾಯಿತು. ಧನ ಮತ್ತು ಋಣ ಅಂಶಗಳು ಕೂಡಿದಾಗ ನಾಲ್ಕರಲ್ಲಿ ಒಂದು ಜೋಡಿ ಮಾತ್ರ ತಕ್ಷಣ ಬೆಳಗುವ ಸ್ಥಿತಿಗೆ ಬರುತ್ತದೆ. ಉಳಿದ ಮೂರು ಗಿರಕಿ ತಿರುವಾದ ಸ್ಥಿತಿಯಲ್ಲಿ ಸಿಕ್ಕಿಬೀಳುತ್ತವೆ. ಈ ಪ್ರಮಾಣ ಎಲ್ಲ ಕಡೆಯೂ ಹೀಗೇ ಇರಬೇಕೇ ಎಂಬ ಪ್ರಶ್ನೆಯನ್ನು ಸಿದ್ಧಾಂತದ ನೆಲೆಯಲ್ಲಿ ಕೈಗೆತ್ತಿಕೊಂಡವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ರಾಮಶೇಷ ಅವರೂ ಒಬ್ಬರು. ಪ್ರಯೋಗದ ಕಡೆಯಿಂದ ದಾರಿ ತೆರೆದವರು ಅಮೆರಿಕದ ಸ್ಟೀಫನ್ ಫಾರೆಸ್ಟ್ ಮತ್ತು ಮಾರ್ಕ್ ಥಾಂಪ್ಸನ್. ಅವರು 1998ರಲ್ಲಿ ಪ್ಲಾಟಿನಂ, ಮರುವರ್ಷ ಇರಿಡಿಯಂ ಎಂಬ ಭಾರವಾದ ಲೋಹಗಳನ್ನು ಸಾವಯವ ಅಣುವಿನ ನಡುವೆ ಕೂರಿಸಿದರು. ಭಾರದ ಪರಮಾಣು ಪಕ್ಕದಲ್ಲಿದ್ದರೆ ಗಿರಕಿ ತಿರುಗಿಸಿಕೊಳ್ಳುವುದು ಸುಲಭ. ಸಿಕ್ಕಿಬಿದ್ದ ಮೂರು ಪಾಲೂ ಬೆಳಕಾಗುತ್ತವೆ. 2012ರಲ್ಲಿ ಜಪಾನಿನ ಚಿಹಾಯ ಅಡಾಚಿ ಭಾರದ ಲೋಹವೇ ಇಲ್ಲದೆ, ಕೋಣೆಯ ಶಾಖವನ್ನೇ ಬಳಸಿಕೊಂಡು ಆ ಶಕ್ತಿಯನ್ನು ಮೇಲೆತ್ತುವ ಅಣುಗಳನ್ನು ತೋರಿಸಿದರು.

ಇರಿಡಿಯಂ ಅಣುವನ್ನು ಪರದೆಯಲ್ಲಿ ಒಂದೇ ರಾಶಿಯಾಗಿ ಹಾಕುವುದಿಲ್ಲ. ಬೇರೊಂದು ಸಾವಯವ ವಸ್ತುವಿನ ನಡುವೆ ನೂರಕ್ಕೆ ಐದಾರೋ ಹತ್ತೋ ಪಾಲಿನಂತೆ ಚದುರಿಸಿಡುತ್ತಾರೆ. ಸುತ್ತಲಿನ ವಸ್ತು ವಿದ್ಯುತ್ತನ್ನು ಸಾಗಿಸಿ ತಂದು ಒಪ್ಪಿಸುತ್ತದೆ, ನಡುವೆ ಕೂತ ಅಣು ಬೆಳಗುತ್ತದೆ. ನಿಮ್ಮ ಜೇಬಿನ ಫೋನು ಓಎಲ್‌ಇಡಿಯದಾಗಿದ್ದರೆ ಅದರ ಒಂದೊಂದು ಚುಕ್ಕಿಯ ಹಿಂದೆಯೂ ಇಂಥ ನೆರೆಹೊರೆಯ ಲೆಕ್ಕವಿದೆ. ಈ ಪರದೆಗೆ ಹಿಂದಿನಿಂದ ಬೆಳಕು ಬೇಡ. ಕಪ್ಪು ಬೇಕಾದಲ್ಲಿ ಚುಕ್ಕಿಯೇ ಆರುತ್ತದೆ. ಕಪ್ಪು ನಿಜವಾಗಿ ಕಪ್ಪಾಗಿ ಕಾಣುತ್ತದೆ, ವಿದ್ಯುತ್ತೂ ಉಳಿಯುತ್ತದೆ. 1997ರಲ್ಲಿ ಕಾರಿನ ಸ್ಟೀರಿಯೋ ಮುಖಫಲಕದಲ್ಲಿ ಮಾರುಕಟ್ಟೆಗೆ ಬಂದ ಈ ತಂತ್ರಜ್ಞಾನ 2007ರಲ್ಲಿ ಸೋನಿಯ 11 ಅಂಗುಲದ ಟೀವಿಯಾಯಿತು. ಅಲ್ಲಿಂದ ಮುಂದೆ ಫೋನು, ಗಡಿಯಾರ, ಗೋಡೆಯಗಲದ ಟೀವಿ ಎಲ್ಲಕ್ಕೂ ಹಬ್ಬಿತು.

ಮೈಸೂರಿನ ಕೊಡುಗೆ

ಈಗ ನಮ್ಮ ಸೀಮೆಗೆ ಬರೋಣ. 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿ ಎಸ್. ಚಂದ್ರಶೇಖರ್ ಬಂದರು. ನಕ್ಷತ್ರಗಳ ಬಗ್ಗೆ ಬರೆದ ನೊಬೆಲ್ ವಿಜೇತ ಚಂದ್ರಶೇಖರ್ ಬೇರೆಯವರು. ಇವರು ಶಿವರಾಮಕೃಷ್ಣ ಚಂದ್ರಶೇಖರ್. ದ್ರವದಂತೆ ಹರಿಯುವ, ಹರಳಿನಂತೆ ಶಿಸ್ತಾಗಿ ನಿಲ್ಲುವ ದ್ರವಸ್ಫಟಿಕಗಳ ಅಧ್ಯಯನವನ್ನು ಅವರು ಆ ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಆವರಣದಲ್ಲಿ ಬೆಳೆಸಿದರು. 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಹೋದ ಮೇಲೂ ಅದೇ ಕೆಲಸ ಮುಂದುವರಿಯಿತು.

ಅಲ್ಲಿಯವರೆಗೆ ದ್ರವಸ್ಫಟಿಕವಾಗಲು ಅಣು ಕಡ್ಡಿಯಂತೆ ಉದ್ದವಾಗಿರಬೇಕು ಎಂದೇ ಜಗತ್ತು ತಿಳಿದಿತ್ತು. 1977ರಲ್ಲಿ ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ನಮ್ಮದೇ ದೇಶದ ‘ಪ್ರಮಾಣ’ ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಬೆಂಜೀನ್ ಉಂಗುರದ ಆರೂ ಮೂಲೆಗೆ ಬಾಲದಂಥ ಸರಪಳಿಗಳನ್ನು ಜೋಡಿಸಿ ಮಾಡಿದ ತಟ್ಟೆಯಾಕಾರದ ಅಣುಗಳು ನಾಣ್ಯಗಳನ್ನು ಪೇರಿಸಿಟ್ಟಂತೆ ಒಂದರ ಮೇಲೊಂದು ಕೂತು ಕಂಬಗಳಾಗುತ್ತವೆ, ಆ ಕಂಬಗಳು ಸಾಲಾಗಿ ನಿಂತು ಹೊಸ ಬಗೆಯ ದ್ರವಸ್ಫಟಿಕವಾಗುತ್ತವೆ ಎಂದು ಅವರು ತೋರಿಸಿದರು. ಪ್ರಪಂಚದ ದ್ರವಸ್ಫಟಿಕ ವಿಜ್ಞಾನದಲ್ಲಿ ಒಂದು ಹೊಸ ಶಾಖೆ ಹುಟ್ಟಿದ್ದು ಈ ಪ್ರಬಂಧದಿಂದ.

ಇದರ ಫಲ ಎರಡು ದಿಕ್ಕಿನಲ್ಲಿ ಬಂತು. ಮೊದಲನೆಯದು, ಮಾಮೂಲಿ ಎಲ್‌ಸಿಡಿ ಪರದೆಯನ್ನು ಓರೆಯಿಂದ ನೋಡಿದರೆ ಬಣ್ಣ ಕೆಡುತ್ತಿದ್ದ ದೋಷಕ್ಕೆ ಪರಿಹಾರ. ತಟ್ಟೆಯಣುಗಳಿಂದ ಮಾಡಿದ ತೆಳು ಪೊರೆಯನ್ನು ಪರದೆಗೆ ಅಂಟಿಸಿ ಜಪಾನಿನ ಫ್ಯೂಜಿ ಸಂಸ್ಥೆ 1990ರ ದಶಕದಲ್ಲಿ ಇದನ್ನು ಸರಿಪಡಿಸಿತು. ಎರಡನೆಯದು ನಮ್ಮ ಇವತ್ತಿನ ವಿಷಯಕ್ಕೆ ಇನ್ನೂ ಹತ್ತಿರ. ತಟ್ಟೆಗಳು ಪೇರಿದ ಕಂಬದ ಉದ್ದಕ್ಕೂ ವಿದ್ಯುದಂಶ ಸರಾಗವಾಗಿ ಹರಿಯಬಲ್ಲದು ಎಂದು 1994ರ ಹೊತ್ತಿಗೆ ಜರ್ಮನಿಯ ಅಳತೆಗಳು ತೋರಿಸಿದವು. ಬಿಡಿ ಅಣುವಿಗಿಲ್ಲದ ಗುಣ ಸಾಲಿಗೆ ಬಂತು. ಅಂದಿನಿಂದ ಸಾವಯವ ದೀಪ, ಸೌರಕೋಶ, ಟ್ರಾನ್ಸಿಸ್ಟರುಗಳಿಗಾಗಿ ತಟ್ಟೆಯಣುಗಳ ಹುಡುಕಾಟ ನಡೆದೇ ಇದೆ. ಚಂದ್ರಶೇಖರ್ 1991ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ದ್ರವಸ್ಫಟಿಕ ಸಂಶೋಧನಾ ಕೇಂದ್ರ ಕಟ್ಟಿದರು. ಇಂದು ಅದು ನ್ಯಾನೊ ಮತ್ತು ಮೃದುದ್ರವ್ಯ ವಿಜ್ಞಾನಗಳ ಕೇಂದ್ರ. ಅವರು 2004ರಲ್ಲಿ ತೀರಿಕೊಂಡರು; ಅವರು ತೆರೆದ ದಾರಿಯಲ್ಲಿ ಇಂದಿಗೂ ಕನ್ನಡ ನಾಡಿನ ವಿದ್ಯಾರ್ಥಿಗಳು ನಡೆಯುತ್ತಿದ್ದಾರೆ.

ಜಕ್ಕೂರಿನ ಜೇಡಿಮಣ್ಣು

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ನಡೆದ ಇನ್ನೊಂದು ಕೆಲಸವನ್ನು ನಾನು ಬಹಳ ಮೆಚ್ಚುತ್ತೇನೆ. ಅಲ್ಲಿನ ಸುಬಿ ಜಾರ್ಜ್ ಮತ್ತು ಎಂ. ಈಶ್ವರಮೂರ್ತಿ ಅವರ ತಂಡಗಳು ಜೇಡಿಮಣ್ಣನ್ನು ಅಣುಗಳಿಗೆ ಆಸನವಾಗಿ ಬಳಸಿದವು. ಪ್ರಯೋಗಾಲಯದಲ್ಲಿ ತಯಾರಿಸಿದ ಈ ಜೇಡಿಯನ್ನು ನೀರಿನಲ್ಲಿ ಹಾಕಿದರೆ ಅತಿ ತೆಳುವಾದ ಹಾಳೆಗಳಾಗಿ ಬಿಡಿಬಿಡಿಯಾಗುತ್ತದೆ. ಹಾಳೆಗಳ ಮೇಲೆ ಧನ ವಿದ್ಯುದಂಶವಿರುತ್ತದೆ. ಋಣ ಅಂಶವಿರುವ ಬಣ್ಣದ ಅಣುಗಳು ಅದಕ್ಕೆ ಅಂಟಿಕೊಂಡು ಕೂರುತ್ತವೆ. ಅಣುಗಳನ್ನು ಬೆಸೆಯಲು ಕಷ್ಟದ ರಾಸಾಯನಿಕ ಕ್ರಿಯೆ ಬೇಕಿಲ್ಲ; ಅವು ತಾವಾಗಿಯೇ ಸೇರಿಕೊಂಡು ತೆಳು ಲೋಳೆಯಂಥ ಜೆಲ್ ಆಗುತ್ತವೆ. ನೀಲಿ ಕಡೆ ಬೆಳಗುವ ಒಂದು ಬಣ್ಣವನ್ನೂ ಅದರಿಂದ ಶಕ್ತಿ ಪಡೆದು ಬೆಳಗುವ ಇನ್ನೊಂದು ಬಣ್ಣವನ್ನೂ ಒಂದೇ ಹಾಳೆಯ ಮೇಲೆ ಕೂರಿಸಿದಾಗ ಮೊದಲನೆಯದು ಹೀರಿದ ಶಕ್ತಿಯನ್ನು ಎರಡನೆಯದಕ್ಕೆ ದಾಟಿಸುತ್ತದೆ. ಹಸಿರೆಲೆ ಮಾಡುವ ಕೆಲಸದ ಒಂದು ಎಳೆ ಇದು. 2011ರಲ್ಲಿ ಈ ಜೆಲ್‌ಗಳ ವಿವರ ಪ್ರಕಟವಾಯಿತು. 2013ರಲ್ಲಿ, ಬಣ್ಣಗಳ ಪ್ರಮಾಣವನ್ನು ಹೊಂದಿಸಿ, ದ್ರಾವಣದಿಂದಲೇ ಲೇಪಿಸಬಹುದಾದ, ಘನರೂಪದಲ್ಲೂ ಶುದ್ಧ ಬಿಳಿ ಬೆಳಕು ಕೊಡುವ ಸಂಕರ ವಸ್ತುವನ್ನು ಅವರು ವರದಿ ಮಾಡಿದರು.

ಇದರ ಮುಂದಿನ ಹೆಜ್ಜೆ 2018ರದು. ಲೋಹವಿಲ್ಲದ ಸಾವಯವ ಅಣುಗಳ ಸ್ಫುರದೀಪ್ತಿ ಸಾಮಾನ್ಯವಾಗಿ ಕೋಣೆಯ ಉಷ್ಣತೆಯಲ್ಲಿ ಕಾಣುವುದಿಲ್ಲ. ನೀರಿನಲ್ಲಂತೂ ಕರಗಿದ ಆಮ್ಲಜನಕ ಅದನ್ನು ನುಂಗಿಬಿಡುತ್ತದೆ. ಜಕ್ಕೂರಿನ ತಂಡ ಲ್ಯಾಪೊನೈಟ್ ಎಂಬ ಜೇಡಿಯ ಪುಟ್ಟ ಬಿಲ್ಲೆಗಳಿಗೆ ಅಣುಗಳನ್ನು ಕಟ್ಟಿಹಾಕಿ ಅವುಗಳ ಅಲುಗಾಟವನ್ನು ತಡೆಯಿತು. ನೀರಿನಲ್ಲಿಯೇ ಸ್ಫುರದೀಪ್ತಿ ಸಿಕ್ಕಿತು. ನೀರಿನಲ್ಲಿ ಮಂಕಾದ ಅರಿಶಿನದ ಪ್ರಯೋಗವನ್ನು ಆಗ ಹೇಳಿದೆನಲ್ಲ, ಅಲ್ಲಿ ನೀರು ಕಸಿದದ್ದನ್ನು ಇಲ್ಲಿ ಮಣ್ಣು ಕಾಪಾಡಿತು. ರಕ್ತ, ಜೀವಕೋಶ ಎಲ್ಲವೂ ನೀರಿನ ಲೋಕವಾದ್ದರಿಂದ ವೈದ್ಯಕೀಯ ಚಿತ್ರಣಕ್ಕೆ ಇಂಥ ಬೆಳಕಿನ ಬೆಲೆ ದೊಡ್ಡದು.

ಸಂಕರ ವಸ್ತುಗಳಲ್ಲಿ ಇನ್ನೊಂದು ಬಳಗ ಪೆರೊವ್‌ಸ್ಕೈಟ್‌ಗಳದು. ಸೀಸ ಮತ್ತು ಬ್ರೋಮಿನ್ ಚೌಕಟ್ಟಿನ ಖಾಲಿ ಜಾಗಗಳಲ್ಲಿ ಪುಟ್ಟ ಸಾವಯವ ಅಯಾನುಗಳು ಕೂತಿರುತ್ತವೆ. 2014ರಲ್ಲಿ ಕೇಂಬ್ರಿಜ್‌ನವರು ಇವುಗಳಿಂದ ಕೋಣೆಯ ಉಷ್ಣತೆಯಲ್ಲೇ ಬೆಳಗುವ ದೀಪ ಮಾಡಿದರು. ಬಣ್ಣ ಬಹಳ ಶುದ್ಧ, ತಯಾರಿ ಸುಲಭ. ಆದರೆ ಸೀಸ ವಿಷ. ಆ ಮಾತಿಗೆ ಮತ್ತೆ ಬರುತ್ತೇನೆ.

ನಿತ್ಯದ ಬಳಕೆ

ಪರದೆಗಳನ್ನು ಬಿಟ್ಟು ನಿಮ್ಮ ಕೈಯಲ್ಲಿರುವ ನೋಟಿಗೆ ಬನ್ನಿ. ನೇರಳಾತೀತ ಬೆಳಕಿನಲ್ಲಿ ನೋಟಿನ ಸಂಖ್ಯೆಯಿರುವ ಜಾಗ ಹೊಳೆಯುತ್ತದೆ, ಕಾಗದದೊಳಗಿನ ಎಳೆಗಳೂ ಬಣ್ಣಬಣ್ಣವಾಗಿ ಎದ್ದು ಕಾಣುತ್ತವೆ. ಬ್ಯಾಂಕಿನ ಕೌಂಟರಿನಲ್ಲಿ ನೀಲಿ ದೀಪದಡಿ ನೋಟು ಹಿಡಿದು ನೋಡುವುದು ಇದಕ್ಕೇ. ಮೈಸೂರಿನಲ್ಲಿ ರಿಸರ್ವ್ ಬ್ಯಾಂಕಿನ ನೋಟು ಮುದ್ರಣಾಲಯವಿದೆ, ನೋಟಿನ ಕಾಗದದ ಕಾರ್ಖಾನೆಯಿದೆ. 2022ರ ಮಾರ್ಚ್ 28ರಂದು ವರ್ಷಕ್ಕೆ 1,500 ಟನ್ ಸಾಮರ್ಥ್ಯದ ಶಾಯಿ ಘಟಕ ‘ವರ್ಣಿಕಾ’ ಕೂಡ ಅಲ್ಲಿ ರಾಷ್ಟ್ರಕ್ಕೆ ಸಮರ್ಪಣೆಯಾಯಿತು. ಭದ್ರತೆಯ ಕಾಗದ, ಶಾಯಿ, ಮುದ್ರಣ ಮೂರೂ ಇಲ್ಲಿಂದ ಒಂದೆರಡು ಗಂಟೆಯ ದಾರಿಯೊಳಗಿವೆ ಎಂಬುದನ್ನು ರಸಾಯನಶಾಸ್ತ್ರ ಓದುವ ಮಕ್ಕಳು ನೆನಪಿಟ್ಟುಕೊಳ್ಳಲಿ.

ರೈತರಿಗೆ ನೇರವಾಗಿ ಸಂಬಂಧಪಟ್ಟದ್ದು ಅಫ್ಲಾಟಾಕ್ಸಿನ್. ಸರಿಯಾಗಿ ಒಣಗಿಸದ ಕಡಲೆಕಾಯಿ, ಮೆಕ್ಕೆಜೋಳ, ಕೊಬ್ಬರಿಯಲ್ಲಿ ಬೆಳೆಯುವ ಬೂಷ್ಟು ಈ ವಿಷವನ್ನು ಹುಟ್ಟಿಸುತ್ತದೆ. ಇದು ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗುವಂಥದ್ದು. 1960ರಲ್ಲಿ ಇಂಗ್ಲೆಂಡಿನಲ್ಲಿ ಕಡಲೆಹಿಂಡಿ ತಿಂದು ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತಾಗ ಇದರ ಪತ್ತೆಯಾಯಿತು. ಈ ವಿಷದ ಅಣುಗಳು ನೇರಳಾತೀತ ಬೆಳಕಿನಲ್ಲಿ ತಾವಾಗಿ ಬೆಳಗುತ್ತವೆ. ನೀಲಿಯಾಗಿ ಬೆಳಗುವವನ್ನು ‘ಬಿ’ ಎಂದೂ ಹಸಿರಾಗಿ ಬೆಳಗುವವನ್ನು ‘ಜಿ’ ಎಂದೂ ವಿಜ್ಞಾನಿಗಳು ಗುರುತಿಟ್ಟರು. ಕಾಳಿನ ಮೇಲೆ ಟಾರ್ಚು ಬಿಟ್ಟು ತೀರ್ಪು ಕೊಡಲಾಗದು, ಏಕೆಂದರೆ ಬೇರೆ ವಸ್ತುಗಳೂ ಹೊಳೆಯುತ್ತವೆ. ಮಾದರಿಯನ್ನು ಅರೆದು, ದ್ರಾವಕದಲ್ಲಿ ವಿಷವನ್ನು ಬಸಿದು, ತೆಳುಪದರದ ಮೇಲೆ ಬೇರ್ಪಡಿಸಿ ನೋಡಬೇಕು. ಮೈಸೂರಿನ ಸಿಎಫ್‌ಟಿಆರ್‌ಐ ಎಂಬ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಈ ವಿಷದ ಪತ್ತೆ ಮತ್ತು ನಿವಾರಣೆಯ ಬಗ್ಗೆ ದಶಕಗಳಿಂದ ಕೆಲಸ ಮಾಡಿದೆ.

ಕಣ್ಣಿನ ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆಯವರ ಅಕ್ಷಿಪಟ ಪರೀಕ್ಷಿಸುವಾಗ ತೋಳಿನ ರಕ್ತನಾಳಕ್ಕೆ ಕಿತ್ತಳೆ ಬಣ್ಣದ ಔಷಧ ಚುಚ್ಚುವುದನ್ನು ನೀವು ನೋಡಿರಬಹುದು. ಅದು ಫ್ಲೋರೆಸೀನ್. 1871ರಲ್ಲಿ ಅಡಾಲ್ಫ್ ಫಾನ್ ಬೇಯರ್ ತಯಾರಿಸಿದ ಈ ಬಣ್ಣ ನೀಲಿ ಬೆಳಕಿನಲ್ಲಿ ಹಸಿರಾಗಿ ಹೊಳೆದು, ರಕ್ತನಾಳ ಎಲ್ಲಿ ಸೋರುತ್ತಿದೆ ಎಂಬುದನ್ನು ವೈದ್ಯರಿಗೆ ತೋರಿಸುತ್ತದೆ. ಅಪರಾಧ ತನಿಖೆಯಲ್ಲಿ ಕಣ್ಣಿಗೆ ಕಾಣದ ಬೆರಳಚ್ಚನ್ನು ಎತ್ತಿ ತೋರಿಸುವ ಬೆಳಗುವ ನ್ಯಾನೊ ಪುಡಿಗಳ ಮೇಲೆ ತುಮಕೂರು ವಿಶ್ವವಿದ್ಯಾನಿಲಯದ ಎಚ್. ನಾಗಭೂಷಣ ಅವರ ತಂಡ ಬಹಳ ಕೆಲಸ ಮಾಡಿದೆ. ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಎ. ವಾಸುದೇವ ಅಧಿಕಾರಿ ಅವರ ತಂಡ ಬೆಳಕು ಕೊಡುವ ಮತ್ತು ಬೆಳಕು ಹಿಡಿಯುವ ಸಾವಯವ ಅಣುಗಳನ್ನು ರೂಪಿಸಿದೆ. ಹೊಲದಲ್ಲೂ ಇಂಥ ಬೆಳಕು ಉಪಯೋಗಕ್ಕೆ ಬರುತ್ತದೆ: ಪತ್ರಹರಿತ್ತಿನ ಕೆಂಪು ಬೆಳಕನ್ನು ಅಳೆದರೆ ಬೆಳೆಗೆ ನೀರು ಸಾಲದ್ದು ಎಲೆ ಬಾಡುವ ಮುಂಚೆಯೇ ತಿಳಿಯುತ್ತದೆ. ಉಪಗ್ರಹಗಳು ಈಗ ಆಕಾಶದಿಂದಲೇ ಆ ಬೆಳಕನ್ನು ಅಳೆಯುತ್ತಿವೆ.

ಇನ್ನೂ ಬಿಡಿಸಬೇಕಾದ ಗಂಟುಗಳು

ಈ ವಸ್ತುಗಳ ಕಷ್ಟಗಳನ್ನೂ ಹೇಳಬೇಕು. ಮೊದಲನೆಯದು ನೀಲಿ. ನೀಲಿ ಬೆಳಕಿಗೆ ಹೆಚ್ಚು ಶಕ್ತಿ ಬೇಕು. ಆ ಶಕ್ತಿ ಅಣುವಿನ ಸ್ವಂತ ಕೊಂಡಿಗಳನ್ನೇ ಮುರಿಯುವಷ್ಟಿರುವುದರಿಂದ ನೀಲಿ ಅಣು ಬೇಗ ಸವೆಯುತ್ತದೆ. ಹಾಗಾಗಿ ಕೆಂಪು, ಹಸಿರಿಗೆ ಭಾರಲೋಹದ ಅಣುಗಳು ನೆಲೆನಿಂತ ಎಷ್ಟೋ ವರ್ಷಗಳ ಮೇಲೂ ಪರದೆಗಳು ನೀಲಿಗೆ ಹಳೆಯ ಪ್ರತಿದೀಪ್ತಿ ಅಣುಗಳನ್ನೇ ನೆಚ್ಚಿಕೊಂಡವು. ಎರಡನೆಯದು ತೇವ. ಗಾಳಿಯ ನೀರಾವಿ ಮತ್ತು ಆಮ್ಲಜನಕ ಒಳಹೊಕ್ಕರೆ ಪದರದಲ್ಲಿ ಕಪ್ಪು ಕಲೆಗಳು ಏಳುತ್ತವೆ. ಮೂರನೆಯದು ಸೀಸ. ಪೆರೊವ್‌ಸ್ಕೈಟ್ ದೀಪಗಳು ಮನೆಮನೆಗೆ ಬರುವ ಮುಂಚೆ ಸೀಸಕ್ಕೆ ಬದಲಿ ಸಿಗಬೇಕು, ಇಲ್ಲವೇ ಹಳೆಯ ಸಾಮಾನು ಪೂರ್ತಿ ವಾಪಸು ಬರುವ ಏರ್ಪಾಡಿರಬೇಕು. ಒಡೆದ ಪರದೆಗಳು ಕಪಿಲೆಯ ದಡದ ಕಸದ ರಾಶಿಗೆ ಸೇರಿದರೆ ಬೆಳಕಿನ ಹೆಸರಿನಲ್ಲಿ ನಾವು ಕೆಳಗಿನ ಊರುಗಳ ನೀರಿಗೆ ವಿಷ ಹಾಕಿದಂತಾಗುತ್ತದೆ.

ಮಾಡಬೇಕಾದದ್ದು

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿಗೆ ಹರಿಯಿತು, 1905ರಲ್ಲಿ ಬೆಂಗಳೂರಿನ ಬೀದಿ ಬೆಳಗಿತು. 1936ರಲ್ಲಿ ಮೈಸೂರು ಸಂಸ್ಥಾನ ಬೆಂಗಳೂರಿನಲ್ಲಿ ತನ್ನದೇ ಬಲ್ಬಿನ ಕಾರ್ಖಾನೆ ತೆರೆಯಿತು. ವಿದ್ಯುತ್ತು ತಂದವರಿಗೆ ದೀಪವನ್ನೂ ತಾವೇ ಮಾಡಬೇಕು ಎಂಬ ಹಟವಿತ್ತು. ಆ ಹಟ ಈಗ ಅಣುಗಳ ಮಟ್ಟದಲ್ಲಿ ಬೇಕು. 2021ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಅರೆವಾಹಕ ಮತ್ತು ಪರದೆಗಳ ತಯಾರಿಕೆಗೆ 76,000 ಕೋಟಿ ರೂಪಾಯಿಯ ಯೋಜನೆ ಪ್ರಕಟಿಸಿತು. ಪರದೆಯ ಕಾರ್ಖಾನೆ ಕಟ್ಟುವುದು ಸಾವಿರಾರು ಕೋಟಿಯ ಮಾತು. ಆದರೆ ಪರದೆಯೊಳಗಿನ ಅಣುವನ್ನು ರೂಪಿಸುವುದು, ಶುದ್ಧಗೊಳಿಸುವುದು, ಅದರ ನೆರೆಹೊರೆಯನ್ನು ಹೊಂದಿಸುವುದು ಒಂದು ಒಳ್ಳೆಯ ರಸಾಯನಶಾಲೆಯಲ್ಲಿ ಶುರುವಾಗುವ ಕೆಲಸ. ಆರು ಮೂಲೆಗೆ ಬಾಲ ಜೋಡಿಸಿದ ಬೆಂಜೀನ್ ಉಂಗುರ ಹೊಸ ಶಾಸ್ತ್ರವನ್ನೇ ತೆರೆಯಿತು ಎಂಬುದು ಇದಕ್ಕೆ ಸಾಕ್ಷಿ.

ಆದ್ದರಿಂದ ಮೂರು ಕೋರಿಕೆಗಳು. ಅಧ್ಯಾಪಕರಲ್ಲಿ: ನಿಮ್ಮ ಶಾಲೆಯ ವಿಜ್ಞಾನದ ಬೀರುವಿನಲ್ಲಿ ಒಂದು ನೇರಳಾತೀತ ಟಾರ್ಚು ಇರಲಿ. ಅರಿಶಿನ, ಸೊಪ್ಪು, ಸೋಪಿನ ಪುಡಿ, ಹಳೆಯ ನೋಟು ಇಷ್ಟರಲ್ಲೇ ಒಂದು ವರ್ಷದ ಪಾಠವಿದೆ. ಬಿಳಿ ಅಂಗಿ ಟಾರ್ಚಿನಡಿ ನೀಲಿಯಾಗಿ ಹೊಳೆಯುವುದೇಕೆ ಎಂದು ಮಗು ಕೇಳಿದರೆ, ಸೋಪಿನ ಪುಡಿಗೆ ಬೆರೆಸುವ ಬಿಳುಪುಕಾರಕವೂ ಬೆಳಗುವ ಸಾವಯವ ಅಣುವೇ ಎಂದು ಹೇಳಿ. ಎರಡನೆಯದು ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರ ಮತ್ತು ಮೈಸೂರಿನ ಪ್ರಯೋಗಾಲಯಗಳಲ್ಲಿ: ಕಡಲೆಕಾಯಿ, ಮೆಕ್ಕೆಜೋಳ ಮಾರುಕಟ್ಟೆಗೆ ಬರುವ ಕಾಲದಲ್ಲಿ ಅಫ್ಲಾಟಾಕ್ಸಿನ್ ಪರೀಕ್ಷೆ ರೈತನಿಗೆ ಹತ್ತಿರದಲ್ಲೇ ಸಿಗುವಂತಾಗಲಿ. ಚೆನ್ನಾಗಿ ಒಣಗಿಸಿ ತಂದವನಿಗೆ ಅದರ ಫಲ ಬೆಲೆಯಲ್ಲಿ ಕಾಣಲಿ.

ಮೂರನೆಯದು ಕಾಲೇಜುಗಳಲ್ಲಿ. 1954ರಲ್ಲಿ ಸುತ್ತೂರು ಮಠದ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು ಜೆಎಸ್‌ಎಸ್ ಮಹಾವಿದ್ಯಾಪೀಠ ಸ್ಥಾಪಿಸಿದರು. 1963ರಲ್ಲಿ ಆರಂಭವಾದ ಅದರ ಎಂಜಿನಿಯರಿಂಗ್ ಕಾಲೇಜು ಎಸ್‌ಜೆಸಿಇಯಲ್ಲಿ ಪಾಲಿಮರ್ ವಿಜ್ಞಾನ ಮತ್ತು ತಂತ್ರಜ್ಞಾನ ವಿಭಾಗವಿದೆ, ಮಾನಸಗಂಗೋತ್ರಿಯಲ್ಲಿ ದ್ರವಸ್ಫಟಿಕದ ಪರಂಪರೆಯಿದೆ, ಸಿಎಫ್‌ಟಿಆರ್‌ಐಯಲ್ಲಿ ಸೂಕ್ಷ್ಮ ಅಳತೆಯ ಅನುಭವವಿದೆ. ಅಣು ತಯಾರಿಸುವವರು, ಅದರ ಬೆಳಕು ಅಳೆಯುವವರು, ಪದರವಾಗಿ ಹಾಸುವವರು, ಉಪಕರಣ ಮಾಡುವವರು ನಾಲ್ವರೂ ಮೈಸೂರೆಂಬ ಒಂದೇ ಊರಿನಲ್ಲಿದ್ದಾರೆ. ಇವರೆಲ್ಲ ಒಂದೇ ಸಮಸ್ಯೆಯನ್ನು ಹಿಡಿದು, ಒಬ್ಬರ ಯಂತ್ರವನ್ನು ಇನ್ನೊಬ್ಬರ ವಿದ್ಯಾರ್ಥಿ ಬಳಸುವಂತೆ ಬಾಗಿಲು ತೆರೆದಿಟ್ಟುಕೊಂಡು ಹತ್ತು ವರ್ಷ ಕೆಲಸ ಮಾಡಿದರೆ, ಕಡಲೆಕಾಯಿಯ ವಿಷ ಹಿಡಿಯುವ ಅಗ್ಗದ ಪಟ್ಟಿಯೋ, ನೋಟಿನ ಹೊಸ ಗುರುತೋ, ನೀಲಿಯ ಗಂಟನ್ನು ಬಿಡಿಸುವ ಅಣುವೋ ಇಲ್ಲಿಂದ ಹೊರಡಬಲ್ಲದು.

ಪ್ರತಿಭೆಗೆ ನಮ್ಮಲ್ಲಿ ಬರವಿಲ್ಲ. ಸುತ್ತೂರಿನ ಶಾಲೆಗಳಲ್ಲಿ ಓದುವ ಮಕ್ಕಳಲ್ಲೇ ಅದು ಬೇಕಾದಷ್ಟಿದೆ. ಆ ಮಕ್ಕಳಿಗೆ ಒಳ್ಳೆಯ ಪ್ರಯೋಗಾಲಯ, ಪ್ರಶ್ನೆಗೆ ಉತ್ತರ ಹುಡುಕುವ ಗುರು, ಜತೆಗೆ ದುಡಿಯುವ ಗೆಳೆಯರು ಸಿಗುವಂತೆ ಮಾಡುವುದು ದೊಡ್ಡವರ ಹೊಣೆ. ಈ ದತ್ತಿಯ ಉದ್ದೇಶವೂ ಅದೇ ಎಂದು ನಂಬಿದ್ದೇನೆ.